ಅತ್ತರು ಹಚ್ಚಿಕೊಂಡು ಆನೆ ನೋಡಲು ಹೋದದ್ದು

ನಮ್ಮ ದಾದಿಗೆ, ಅಂದರೆ ಅಪ್ಪನ ತಾಯಿಗೆ, ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರ್ತಿ ಮುಚ್ಚುವ ಮುಂಚೆ ಒಮ್ಮೆ ಕಾಡಾನೆ ನೋಡಲೇಬೇಕೆಂದು ಹಟ ಹಿಡಿದಳು. "ಮಹಾರಾಜ್ರ ದಸರೇಲಿ ಬಣ್ಣ ಬಳ್ಕೊಂಡಿರೋದ ನೋಡಿವ್ನಿ. ಮಾವುತ ಇಲ್ದಿರೋದ ತೋರ್ಸು" ಎಂದು ನನ್ನನ್ನು ಕಾಡಿದಳು. ಹುಣಸೂರಿನ ನಮ್ಮ ಅಂಗಡಿಗೆ ಬರುವ ಹಳ್ಳಿಯವರ ಜೊತೆ ಹರಟಿ ಹರಟಿ ಅವಳ ಕನ್ನಡ ಹೀಗಾಗಿತ್ತು.

ನಮ್ಮ ಮನೆಯಲ್ಲಿ ಯಾರು ಪ್ರಯಾಣ ಹೊರಟರೂ ದಾದಿ ದುವಾ ಓದಿ, ಕಿವಿಯ ಹಿಂದೆ, ಮಣಿಕಟ್ಟಿಗೆ ಅತ್ತರು ಸವರಿಯೇ ಕಳಿಸುವುದು. ಹೋಗುತ್ತಿರುವುದು ಕಾಡಿಗೆ ಎಂದು ಅಂದು ನನಗೂ ತನಗೂ ಸ್ವಲ್ಪ ಹೆಚ್ಚಾಗಿಯೇ ಸವರಿದಳು. ಹೆಗ್ಗಡದೇವನಕೋಟೆ ದಾಟಿ, ಗಾಡಿ ಬಿಟ್ಟು ನಡೆದು ಬೆಟ್ಟದ ಬುಡ ಮುಟ್ಟಿದಾಗ, ಜೇನು ವ್ಯಾಪಾರಕ್ಕೆ ಆ ಕಾಡು ಸುತ್ತುವ ನನ್ನ ಚಾಚಾ, ದಾದಿಯ ಕಿರಿಮಗ, ಮೂಗು ಮುಚ್ಚಿಕೊಂಡು ಕಾಯುತ್ತಿದ್ದ.

"ಏನಮ್ಮಾ ಇದು, ಆನೆ ನೋಡಾಕ್ ಬಂದ್ಯೋ, ನಿಕಾಹ್‌ಗೆ ಬಂದ್ಯೋ? ಈ ವಾಸ್ನೆಗೆ ಕಾಡೇ ಖಾಲಿ ಆಯ್ತದೆ. ತೊಳ್ಕೊ."

"ದುವಾ ಓದಿ ಹಚ್ಚಿದ್ದು ಕಣೋ. ತೊಳೆದ್ರೆ ದಾರೀಲಿ ನಮ್ಮನ್ನ ಕಾಯೋರ್ ಯಾರು?"

ದಾದಿಯ ಜೊತೆ ವಾದ ಮಾಡಿ ಗೆದ್ದವರಿಲ್ಲ. ಬಿದಿರು ಮುಗಿದು, ಬಿಸಿಲು ನೆಲ ಮುಟ್ಟದ ಮಳೆಕಾಡು ಶುರುವಾಯಿತು. ಜಿಗಣೆಗಳಿಗೆ ಮಾತ್ರ ಅತ್ತರಿನ ಬಗ್ಗೆ ಯಾವ ತಕರಾರೂ ಇರಲಿಲ್ಲ; ನನ್ನ ಕಾಲಿಗೆ ಖುಷಿಯಾಗಿ ಹತ್ತಿದವು. ಹಸಿ ಲದ್ದಿ ಸಿಕ್ಕಿತು, ಮುರಿದ ಕೊಂಬೆ ಸಿಕ್ಕಿತು, ಆನೆ ಮಾತ್ರ ಇಲ್ಲ. ದಾದಿ ಪ್ರತಿಯೊಂದು ಕಪ್ಪು ಬಂಡೆಯನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ "ಅದಾ?" ಎನ್ನುತ್ತಿದ್ದಳು. ಮೊದಮೊದಲು ನಕ್ಕೆ. ಆಮೇಲೆ ಅವಳ ಕೈ ಹಿಡಿದು ನಡೆದೆ.

ಹೊಳೆ ಸಿಕ್ಕಿದಾಗ ದಾದಿ ಯಾರಿಗೂ ಹೇಳದೆ ನೀರಿಗಿಳಿದು ಕಿವಿ, ಕೈ ಉಜ್ಜಿ ಉಜ್ಜಿ ತೊಳೆದಳು. "ಕಾಯೋನಿಗೆ ವಾಸ್ನೆ ಹಿಡ್ದೇ ಗೊತ್ತಾಗ್ಬೇಕಾ? ಬುಡು" ಎಂದು ನನ್ನ ಕೈಯನ್ನೂ ತೊಳೆಸಿದಳು.

ಗಾಳಿಗೆ ಎದುರಾಗಿ ಬಂಡೆಯ ಹಿಂದೆ ಕೂತೆವು. ಬಿಸಿಲು ಇಳಿಯುವಾಗ ಎದುರು ದಡಕ್ಕೆ ಒಂದು ಹೆಣ್ಣಾನೆ ಮರಿಯೊಂದಿಗೆ ನೀರು ಕುಡಿಯಲು ಬಂತು. ದಾದಿ ಹಿಡಿದ ಹಿಡಿತಕ್ಕೆ ನನ್ನ ಬೆರಳು ನೋಯುತ್ತಿತ್ತು. "ಅದಾ?" ಎಂದು ಈ ಸಲ ಕೇಳಲಿಲ್ಲ.

ಮುಂದಿನ ವರ್ಷ ಅವಳ ಕಣ್ಣು ಪೂರ್ತಿ ಹೋಯಿತು. ಆದರೂ ನಾವು ಊರಿಗೆ ಹೊರಟರೆ ತಡವಿ ತಡವಿ ಅತ್ತರು ಹಚ್ಚುತ್ತಿದ್ದಳು. ತಾನು ಮಾತ್ರ ಹಚ್ಚಿಕೊಳ್ಳುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, ಪೇಟೆಯ ಗದ್ದಲದ ಕಡೆ ಮುಖ ಮಾಡಿ ಹೇಳುತ್ತಿದ್ದಳು:

"ನಂಗ್ ಬ್ಯಾಡ ಕಣೋ. ಆನೆ ಗೀನೆ ಬಂದ್ರೂ ಬರ್ಬೋದು."