ಹಳಿಯ ಆಚೆಯ ಮಾಳಿಗೆ

ವಾಡಿಯಲ್ಲಿ ನಿಂತು ಹತ್ತಾರು ಮೈಲಿ ಆಚೆಯ ಸನ್ನತಿ ಗುಡಿಯ ಗಂಟೆ ನೋಡುವಂಥ ಕ್ಯಾಮೆರಾ ಇತ್ತು ನನ್ನ ಹತ್ತಿರ. ಸುಳ್ಳ್ರೀ. ರೈಲು ಹಳಿಯ ಆಚೆಯ ಮಾಳಿಗೆ ಕಾಣುತ್ತಿತ್ತು, ಅಷ್ಟೇ.

ಆ ಕ್ಯಾಮೆರಾ ನನಗೆ ಮಾರಿದವರು ವಾಡಿಯ ನಿವೃತ್ತ ಮಾಸ್ತರರು. ಮಗಳು ತಾನೇ ಮೆಚ್ಚಿದವನನ್ನು ಮದುವೆಯಾದಾಗ ಅವಳ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದರು. ಆಮೇಲೆ ಅವಳ ಮನೆ ನೋಡಲೆಂದೇ ಈ ಉದ್ದ ಝೂಮಿನ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಈಗ ಕಣ್ಣಿಗೆ ಪೊರೆ ಬಂದು ಅದರ ಪರದೆಯೇ ಕಾಣುತ್ತಿರಲಿಲ್ಲ.

ಪರೀಕ್ಷೆ ಮಾಡಲು ಅವರ ಮಾಳಿಗೆ ಹತ್ತಿ ಝೂಮ್ ಎಳೆದೆ.

"ಆ ನೀಲಿ ಬಾಗಲದ ಮನಿ ಮ್ಯಾಲ ನನ್ನ ಮಗಳು ಅದಾಳೇನ್ ನೋಡ್ರಿ," ಎಂದರು.

ಇದ್ದಳು. ಒಣಹಾಕಿದ ಸಂಡಿಗೆಗೆ ಬಂದ ಕಾಗೆಗಳನ್ನು ಕೈ ಬೀಸಿ ಓಡಿಸುತ್ತಿದ್ದಳು.

"ಅದಾಳ್ರಿ. ಕೈ ಮಾಡಿ ನಿಮ್ಮನ್ನ ಕರೀಲಿಕತ್ತಾಳ."

"ನನ್ನನ್ನ?"

"ಮತ್ಯಾರನ್ನ್ರಿ?"

ಮಾಸ್ತರರು ಚಪ್ಪಲಿ ಮೆಟ್ಟಿ ಇಳಿದೇ ಹೋದರು. ನಾನು ಝೂಮಿನಲ್ಲೇ ಅವರ ಬೆನ್ನು ಹತ್ತಿದೆ. ಹಳಿಯ ಮೇಲಿನ ಸೇತುವೆ ದಾಟಿ ಆ ಬಾಗಿಲ ಮುಂದೆ ನಿಂತರು. ಮೇಲೆ ಮಗಳು ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಳು. ಆಮೇಲೆ ಬಾಗಿಲು ತೆರೆಯಿತು. ಮಾಸ್ತರರು ಒಳಗೆ ಹೋದರು.

ಫೋಟೊ ಎಲ್ಲಿ ಅಂತೀರಾ? ಅಲುಗಾಡಿ ಕೆಟ್ಟುಹೋಯಿತು. ಉದ್ದ ಝೂಮಿನ ದೋಷವೇ ಅದು, ನನ್ನದಲ್ಲ. ಅದಿರಲಿ, ಈ ಚಹಾದ ರೊಕ್ಕ ನೀವು ಕೊಡ್ರಿ.