ಅಣಕಕ್ಕೆ ಸಿಗದ ಮೇಷ್ಟ್ರು

ನಮ್ಮದು ಸಿಸ್ಟರುಗಳು ನಡೆಸುವ ಪ್ರೌಢಶಾಲೆ. ಕೊನೆಯ ತರಗತಿಯ ಮಕ್ಕಳನ್ನು ಬೀಳ್ಕೊಡುವ ದಿನ ಬೆಳಿಗ್ಗೆ ಚಾಪೆಲ್‌ನಲ್ಲಿ ಬಲಿಪೂಜೆ, ಮಧ್ಯಾಹ್ನ ಸಭಾಂಗಣದಲ್ಲಿ ಅಣಕ. ಬೆಳಿಗ್ಗೆ ತಲೆ ಬಗ್ಗಿಸಿ ಪಾದ್ರಿಗಳಿಂದ ಆಶೀರ್ವಾದ ಪಡೆದ ಮಕ್ಕಳೇ ಮಧ್ಯಾಹ್ನ ವೇದಿಕೆ ಹತ್ತಿ ತಮಗೆ ಪಾಠ ಹೇಳಿದವರನ್ನು ಒಬ್ಬೊಬ್ಬರಾಗಿ ಆಡಿ ತೋರಿಸುತ್ತಿದ್ದರು. ಇದಕ್ಕೆ ಹಿಂದಿನ ಮುಖ್ಯ ಸಿಸ್ಟರ್ ಒಬ್ಬರು ಹಾಕಿಕೊಟ್ಟ ನಿಯಮವಿತ್ತು: ಮೇಷ್ಟ್ರನ್ನು ತರಗತಿಯಲ್ಲಿ ನಿಂತಂತೆ ತೋರಿಸಬಾರದು, ಹೆಸರು ಹೇಳಬಾರದು, ವಿಷಯ ಯಾವುದೆಂದು ಬಾಯಿ ಬಿಡಬಾರದು. ಹಾಗಾಗಿ ಮಕ್ಕಳು ನಮ್ಮನ್ನು ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಮುಂದೆ ಕೂರಿಸುತ್ತಿದ್ದರು. ನಾನು ಗಣಿತದ ಮಿಸ್. ನನ್ನನ್ನು ಪ್ರತಿ ವರ್ಷ ತರಕಾರಿ ಅಂಗಡಿಯವನ ತಕ್ಕಡಿಯ ಮುಂದೆ ನಿಲ್ಲಿಸಿ ಅವನ ಜನ್ಮ ಜಾಲಾಡಿಸುತ್ತಿದ್ದರು. ಯಾರು ಯಾರೆಂದು ನೋಡುವವರೇ ಗುರುತು ಹಿಡಿಯಬೇಕು. ಹಿಡಿಯುತ್ತಲೂ ಇದ್ದರು.

ಭೂಗೋಳದ ಮೇಷ್ಟ್ರ ಸರದಿ ಬಂತೆಂದರೆ ಹಿಂದಿನ ಬೆಂಚುಗಳು ಪರದೆ ಸರಿಯುವ ಮುಂಚೆಯೇ ಕೂಗಲು ಶುರು ಮಾಡುತ್ತಿದ್ದವು. ಎಡ ಭುಜವನ್ನು ಕಿವಿಯವರೆಗೆ ಎತ್ತಿಕೊಂಡ ಒಂದು ಆಕೃತಿ ಬಸ್ಸು ಹತ್ತುತ್ತಿತ್ತು. ಕಂಡಕ್ಟರ್ "ಎಲ್ಲಿಗೆ?" ಎಂದು ಕೇಳಿದರೆ, "ಒಳ್ಳೇ ಪ್ರಶ್ನೆ. ಅದಕ್ಕೇ ಬರ್ತಾ ಇದ್ದೀನಿ. ಮೊದಲು ಈ ನಿಮ್ಮ ಚೀಲ ಇದೆಯಲ್ಲ, ಇದನ್ನ ಸಮುದ್ರ ಅಂತ ಇಟ್ಕೊಳ್ಳಿ" ಎನ್ನುತ್ತಿತ್ತು. ಚೀಲ ಸಮುದ್ರವಾಗಿ, ಟೋಪಿ ಬೆಟ್ಟವಾಗಿ, ಪಕ್ಕದ ಪ್ರಯಾಣಿಕನ ಬೋಳು ತಲೆ ಪ್ರಸ್ಥಭೂಮಿಯಾಗಿ, ಕೈಯ ಹಿಂಬದಿಯಿಂದ ಅದನ್ನು ಬೋರ್ಡಿನಂತೆ ಒಂದು ಸಲ ಒರೆಸಿ ಮುಗಿಸುವಷ್ಟರಲ್ಲಿ ಇಳಿಯುವ ಜಾಗ ಹಿಂದೆ ಹೋಗಿರುತ್ತಿತ್ತು. ಕಂಡಕ್ಟರ್ ಹಣೆ ಚಚ್ಚಿಕೊಳ್ಳುತ್ತಿದ್ದ. ಮಕ್ಕಳು ಬೆಂಚಿನಿಂದ ಕೆಳಗೆ ಬೀಳುವುದೊಂದು ಬಾಕಿ.

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಭೂಗೋಳದ ಮೇಷ್ಟ್ರೇ. ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುವರು, ಆಚೆ ಪಕ್ಕದ ವಿಜ್ಞಾನದ ಮೇಷ್ಟ್ರ ತೊಡೆ ತಟ್ಟುವರು, "ಅಯ್ಯೋ, ಸಾಕಪ್ಪಾ ಸಾಕು" ಎಂದು ಹೊಟ್ಟೆ ಹಿಡಿದುಕೊಳ್ಳುವರು. ಇದನ್ನು ಕಂಡು ಮುಖ್ಯ ಸಿಸ್ಟರಿಗೆ ಅವರ ಮೇಲೆ ಅಪಾರ ಗೌರವ. ಹೊಸದಾಗಿ ಸೇರಿದ ಯಾರಾದರೂ ಅಣಕದ ಮರುದಿನ ಮುಖ ಊದಿಸಿಕೊಂಡರೆ ಸಿಸ್ಟರ್ ಕರೆದು, "ಭೂಗೋಳದವರನ್ನ ನೋಡಿ ಕಲೀರಿ. ತನ್ನನ್ನ ನೋಡಿ ತಾನೇ ಹಾಗೆ ನಗಬೇಕಾದ್ರೆ ಎಷ್ಟು ವಿನಯ ಬೇಕು" ಎಂದು ಹೇಳಿ ಕಳಿಸುತ್ತಿದ್ದರು. ವಿನಯದ ವಿಷಯ ಬಂದಾಗಲೆಲ್ಲ ಅವರ ಉದಾಹರಣೆ ಬರುತ್ತಿತ್ತು.

ನಿಜ ಏನೆಂದರೆ, ಅದು ತಾನೇ ಎಂದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ತಾನು ಸೇರುವ ಮುಂಚೆಯೇ ನಿವೃತ್ತರಾದ ಯಾರೋ ಮುದುಕ ಮೇಷ್ಟ್ರು, ಮಕ್ಕಳು ಅಣ್ಣ ಅಕ್ಕಂದಿರಿಂದ ಕಲಿತು ಅವರನ್ನು ಉಳಿಸಿಕೊಂಡು ಬಂದಿದ್ದಾರೆ ಎಂದು ಅವರು ತಿಳಿದಿದ್ದರು. ನಮಗೆ ಯಾರಿಗೂ ಇದರ ಸುಳಿವಿರಲಿಲ್ಲ. ಹೀಗೂ ಇರಬಹುದೆಂದು ಯಾರ ತಲೆಗೆ ಹೊಳೆಯುತ್ತದೆ?

ಅವರು ತಮ್ಮನ್ನು ತಾವು ಕಂಡುಕೊಂಡದ್ದೇ ಬೇರೆ ರೀತಿ. ಅವರ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಿರಿದಾದ ಅಂಗಡಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಯಾರು ಏನೇ ಶುರು ಮಾಡಿದರೂ "ವಿಷಯಕ್ಕೆ ಬನ್ನಿ" ಎನ್ನುವ ಮನುಷ್ಯ. ಮಗ ಆ ಮಾತನ್ನು ಕೇಳುತ್ತ ಬೆಳೆದು, ಆ ಗುಣ ತನಗೂ ಬಂದಿದೆ ಎಂದು ನಂಬಿದ್ದರು. ಬೇರೊಬ್ಬರು ರಜೆ ಹೋದಾಗ ಅವರ ಜಾಗಕ್ಕೆಂದು ನಮ್ಮಲ್ಲಿ ಸೇರಿದರು. ರಜೆ ಹೋದವರು ಬರಲಿಲ್ಲ, ಇವರು ಹೋಗಲಿಲ್ಲ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವರನ್ನು ಮದುವೆಯಾದರು. "ನಾನು ಮಾತು ಕಡಿಮೆ ಕಣ್ರೀ. ಹೇಳೋದನ್ನ ಥಟ್ಟನೆ ಹೇಳಿ ಮುಗಿಸಿಬಿಡ್ತೀನಿ" ಎಂದು ಸ್ಟಾಫ್ ರೂಮಿನಲ್ಲಿ ಅವರು ವಿವರಿಸತೊಡಗಿದರೆ ಗಂಟೆ ಹೊಡೆಯುವವರೆಗೆ ವಿವರಿಸುತ್ತಿದ್ದರು. ಅವರ ಪಾಠ ಕೆಟ್ಟದಾಗಿರಲಿಲ್ಲ. ಮೇಜಿನ ಮೇಲಿದ್ದದ್ದೆಲ್ಲ ಭೂಪಟವಾಗಿ, ಮಕ್ಕಳಿಗೆ ನದಿಗಳು ನೆನಪಿರುತ್ತಿದ್ದವು. ಪ್ರಶ್ನೆ ಕೇಳಿದವರಿಗೆ ಉತ್ತರ ಮಾತ್ರ ಮುಂದಿನ ವಾರ ಸಿಗುತ್ತಿತ್ತು.

ಇಂಥವರ ಒಳಗೆ ಒಂದು ಕೊರಗು ಬೆಳೆದಿತ್ತು. ಮಕ್ಕಳು ಎಲ್ಲರನ್ನೂ ಆಡಿ ತೋರಿಸುತ್ತಾರೆ, ಗುಮಾಸ್ತರನ್ನೂ ಬಿಡುವುದಿಲ್ಲ, ಗೇಟಿನ ವಾಚ್‌ಮನ್ನನ್ನೂ ಬಿಡುವುದಿಲ್ಲ, ತನ್ನನ್ನು ಮಾತ್ರ ಇಷ್ಟು ವರ್ಷದಲ್ಲಿ ಒಂದು ಸಲವೂ ಮುಟ್ಟಿಲ್ಲ. ಹೆದರಿಕೆಯೇ? ಗೌರವವೇ? ಅಥವಾ ತಾನು ಅವರ ಕಣ್ಣಿಗೇ ಬಿದ್ದಿಲ್ಲವೇ? ಒಮ್ಮೆ ಹೆಂಡತಿಯನ್ನು ಕೇಳಿದರಂತೆ: "ಆಡಿ ತೋರಿಸೋ ಅಂಥದ್ದು ನನ್ನಲ್ಲಿ ಏನೂ ಇಲ್ವೇನೇ?" ಆಕೆ ಬಟ್ಟೆ ಮಡಚುತ್ತಿದ್ದವರು ಕೈ ನಿಲ್ಲಿಸಿ, "ನಿಮ್ಮಲ್ಲಾ? ಏನೂ ಇಲ್ವಾ?" ಎಂದು ಕೇಳಿ ಮತ್ತೆ ಮಡಚತೊಡಗಿದರಂತೆ. ಹೆಂಡತಿ ಸಮಾಧಾನ ಹೇಳಿದಳೆಂದು ಇವರು ಭಾವಿಸಿದರು.

ಅವರ ನಿವೃತ್ತಿಯ ವರ್ಷ ಬಂತು. ಮಕ್ಕಳ ಜೊತೆಗೇ ಅವರನ್ನೂ ಬೀಳ್ಕೊಡುವುದೆಂದು ಸಿಸ್ಟರ್ ತೀರ್ಮಾನಿಸಿದರು. ಅಂದರೆ ಇದು ಕೊನೆಯ ಅಣಕ. ಈ ಸಲ ತಪ್ಪಿದರೆ ತಪ್ಪಿದ್ದೇ. ಆ ವರ್ಷ ಅಣಕದ ಉಸ್ತುವಾರಿ ಒಬ್ಬ ಉದ್ದನೆಯ ಹುಡುಗಿಯದು. ಯಾರ ದನಿಯಲ್ಲಿ ಬೇಕಾದರೂ ಮಾತಾಡುತ್ತಿದ್ದುದರಿಂದ ನಾವೆಲ್ಲ ಅವಳನ್ನು ಗಿಳಿ ಎಂದು ಕರೆಯುತ್ತಿದ್ದೆವು. ಮೇಷ್ಟ್ರು ಮೆಟ್ಟಿಲ ಬಳಿ ಮೇರಿಮಾತೆಯ ಪ್ರತಿಮೆಯ ಮುಂದೆ ಅವಳನ್ನು ತಡೆದು ನಿಲ್ಲಿಸಿದರು. ಆಗ ನಡೆದ ಮಾತನ್ನು ಇಬ್ಬರೂ ಆಮೇಲೆ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಮಾತು ಒಂದೇ, ಅರ್ಥ ಎರಡು.

"ಏನಮ್ಮ ಗಿಳಿ, ತಯಾರಿ ಎಲ್ಲಿಗೆ ಬಂತು?"

"ನಡೀತಿದೆ ಸರ್."

"ಈ ಸಲ ನನ್ನದೂ ಒಂದು ಮಾಡ್ತೀರೇನು?"

"ನಿಮ್ಮದಾ ಸರ್?"

"ಯಾಕೆ, ಮಾಡಬಾರದಾ? ಎಲ್ಲರದ್ದೂ ಮಾಡ್ತೀರಿ. ಇಷ್ಟು ವರ್ಷ ಬಾಯಿ ಮುಚ್ಕೊಂಡು ನೋಡ್ತಾ ಕೂತಿದ್ದೀನಿ. ನಾನೂ ಮನುಷ್ಯ ತಾನೇ?"

ಹುಡುಗಿಯ ಮುಖ ಚಿಕ್ಕದಾಯಿತು. "ಸರ್, ನಮ್ಮಿಂದ ತಪ್ಪಾಗಿದ್ರೆ..."

"ತಪ್ಪಿನ ಮಾತು ಎಲ್ಲಿ ಬಂತು? ಸುಮ್ಮನೆ ಹೇಳ್ದೆ. ಮನಸ್ಸಿನಲ್ಲಿ ಇಟ್ಕೊಳ್ಳಿ ಅಂತ." ಇದನ್ನು ಹೇಳುವಾಗ ಭುಜ ಕಿವಿಗೆ ತಾಗಿತ್ತಂತೆ.

ಗಿಳಿ ಓಡಿಹೋಗಿ ಗೆಳತಿಯರ ನಡುವೆ ಈ ಒಗಟನ್ನು ಹಾಕಿದಳು.

"ಸರ್ ವ್ಯಂಗ್ಯ ಮಾಡಿದ್ರು ಕಣೇ. ಭುಜ ಬೇರೆ ಎತ್ತಿ ತೋರಿಸಿದ್ರು."

"ಅವರಿಗೆ ವ್ಯಂಗ್ಯ ಎಲ್ಲಿಂದ ಬರುತ್ತೆ? ನಿಜವಾಗ್ಲೂ ಕೇಳಿರ್ತಾರೆ."

"ಪ್ರತಿ ವರ್ಷ ಮಾಡೋದನ್ನ ಯಾರಾದ್ರೂ ಮಾಡಿ ಅಂತ ಕೇಳ್ತಾರೇನೇ ಪೆದ್ದಿ? ಇನ್ನು ಸಾಕು ಅಂತ ಅರ್ಥ."

"ಹಾಗಾದ್ರೆ ಅಷ್ಟು ನಗೋದು?"

"ಮತ್ತೆ ಅಳಬೇಕಾಗಿತ್ತಾ, ಎಲ್ಲರ ಮುಂದೆ?"

ಕೊನೆಗೆ ವಿಷಯ ಸಿಸ್ಟರ ಕೋಣೆಗೆ ಹೋಯಿತು. ಸಿಸ್ಟರ್ ಜಪಸರದ ಮಣಿಯೊಂದನ್ನು ಬೆರಳಲ್ಲಿ ತಿರುಗಿಸುತ್ತ ಬಹಳ ಹೊತ್ತು ಕೂತರು. ವಿನಯಕ್ಕೆ ತಾನು ಕೊಟ್ಟ ಉದಾಹರಣೆಗಳೆಲ್ಲ ಅವರಿಗೆ ನೆನಪಾಗಿರಬೇಕು. "ಪಾಪ, ಒಳಗೇ ನುಂಗಿಕೊಂಡಿದ್ದಾರೆ. ಹೋಗುವ ದಿನವಾದರೂ ನೆಮ್ಮದಿಯಾಗಿರಲಿ. ಬಿಟ್ಟುಬಿಡಿ" ಎಂದರು. ಹೀಗೆ ಕೇಳಿಕೊಂಡ ತಪ್ಪಿಗೆ ಮೇಷ್ಟ್ರ ಅಣಕ ಕಾರ್ಯಕ್ರಮದಿಂದ ಹಾರಿಹೋಯಿತು.

ಆ ದಿನ ಅವರು ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು ಬಂದಿದ್ದರು. ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿ, ಬಂದಿರಲಿಲ್ಲ. ಪರದೆ ಸರಿದಾಗಲೆಲ್ಲ ಕತ್ತು ಉದ್ದ ಮಾಡುವರು. ವೇದಿಕೆಯ ಮೇಲೆ ವಿಜ್ಞಾನದ ಮೇಷ್ಟ್ರು ದರ್ಜಿಯ ಜೊತೆ ಜಗಳವಾಡಿದರು. ನಾನು ತಕ್ಕಡಿ ಸರಿಯಿಲ್ಲವೆಂದು ಸಾಧಿಸಿದೆ. ಗುಮಾಸ್ತರು ಡಾಕ್ಟರ ಬಳಿ ರಸೀದಿ ಕೇಳಿದರು. ಪರದೆ ಮುಚ್ಚಿತು. ಮತ್ತೆ ತೆರೆಯಲಿಲ್ಲ. ಹಿಂದಿನಿಂದ ಚಿಕ್ಕ ತರಗತಿಯ ಮಕ್ಕಳು "ಇಟ್ಕೊಳ್ಳಿ! ಇಟ್ಕೊಳ್ಳಿ!" ಎಂದು ಕೂಗು ಹಾಕಿದರು. ಸಿಸ್ಟರ್ ಎದ್ದು ಹಿಂದೆ ತಿರುಗಿ ಒಂದು ನೋಟ ನೋಡಿದರು, ಕೂಗು ಅಡಗಿತು. ಬಸ್ಸಿನ ಅಣಕ ಬರದಿದ್ದುದು ನನಗೂ ಆಶ್ಚರ್ಯವೇ.

ಮೇಷ್ಟ್ರು ನನ್ನ ಕಡೆ ಬಾಗಿದರು. "ಮುಗೀತೇನ್ರೀ?"

"ಹಾಗೆ ಕಾಣುತ್ತೆ."

"ನನ್ನದು ಬರಲೇ ಇಲ್ಲ. ನಾಚಿಕೆ ಬಿಟ್ಟು ಆ ಹುಡುಗೀನ ಕೇಳಿದ್ದೆ. ಹೋಗಲಿ, ಆ ಮುದುಕನನ್ನಾದ್ರೂ ತರಬಾರದಿತ್ತಾ?"

"ಯಾವ ಮುದುಕ?"

"ಅದೇ ರೀ, ಬಸ್ಸಿನವನು. ಸಮುದ್ರ ಇಟ್ಕೊಳ್ಳಿ ಅಂತಾನಲ್ಲ, ಭುಜ ಹೀಗೆ ಮಾಡ್ಕೊಂಡು." ತೋರಿಸಲೆಂದು ಭುಜ ಎತ್ತಲು ಹೋದರು. ಅದು ಆಗಲೇ ಎತ್ತಿಯೇ ಇತ್ತು. "ಯಾರು ರೀ ಆತ? ಕೇಳಬೇಕು ಕೇಳಬೇಕು ಅಂತ ಇಷ್ಟು ವರ್ಷ ಆಯ್ತು. ನಾನು ಬರೋ ಮುಂಚೆ ಇದ್ದವರಾ?"

ನಾನು ಅವರ ಮುಖ ನೋಡಿದೆ. ತಮಾಷೆಯ ಒಂದು ಗೆರೆಯೂ ಅಲ್ಲಿರಲಿಲ್ಲ.

"ಅದು ನೀವು" ಎಂದೆ.

"ನಾನು ಏನು?"

"ಆ ಮುದುಕ. ನೀವೇ."

"ನಿಮಗೆ ತಮಾಷೆ ಬರಲ್ಲ, ಯಾಕೆ ಮಾಡೋಕೆ ಹೋಗ್ತೀರಿ?" ಎಂದವರೇ ಆಚೆ ತಿರುಗಿ ವಿಜ್ಞಾನದ ಮೇಷ್ಟ್ರನ್ನು ಕೇಳಿದರು. "ಏನ್ರೀ, ಪ್ರತಿ ವರ್ಷ ಬಸ್ಸಿನಲ್ಲಿ ಬರ್ತಾನಲ್ಲ, ಅವನು ಯಾರು?"

"ಯಾರು ಅಂದ್ರೆ? ನೀವು" ಎಂದರು ಅವರು, ವೇದಿಕೆಯಿಂದ ಕಣ್ಣು ತೆಗೆಯದೆ.

ಭೂಗೋಳದ ಮೇಷ್ಟ್ರು ನಿಧಾನವಾಗಿ ಬಲಗೈ ತಂದು ಎಡ ಭುಜದ ಮೇಲಿಟ್ಟು ಕೆಳಕ್ಕೆ ಅದುಮಿದರು. ಕೈ ತೆಗೆದರು. ಭುಜ ಮೇಲೆ ಬಂತು. ಅಷ್ಟರಲ್ಲಿ ಸಿಸ್ಟರ್ ಧ್ವನಿವರ್ಧಕದಲ್ಲಿ ಅವರನ್ನು ಎರಡು ಮಾತಾಡಲು ಕರೆದರು.

ಅವರು ವೇದಿಕೆ ಹತ್ತಿದ ರೀತಿ ಯಾರದೋ ಕಾಲುಗಳನ್ನು ಎರವಲು ತಂದಂತಿತ್ತು. ಭುಜವನ್ನು ಬಿಗಿಹಿಡಿದಿದ್ದರು. ಕೈಗಳು ಜೇಬು ಸೇರಿದ್ದವು. ಮುಂದೆ ಮೇಜಿನ ಮೇಲೆ ನೀರಿನ ಲೋಟವಿತ್ತು. ಅದನ್ನು ನೋಡಿ ಬಾಯಿ ತೆರೆದರು, ಗಾಬರಿಯಿಂದ ಮುಚ್ಚಿದರು. ಮತ್ತೆ ತೆರೆದರು. "ಮೊದಲು..." ಎಂದು ನಿಲ್ಲಿಸಿದರು. ಆ ಮುದುಕ ಆಡದ ಒಂದೇ ಒಂದು ವಾಕ್ಯಕ್ಕಾಗಿ ತಡಕಾಡುತ್ತಿದ್ದಾರೆಂದು ನನಗೆ ಕಾಣುತ್ತಿತ್ತು. ಸಭೆಗೆ ಕಂಡದ್ದು ಬೇರೆ. ಮೊದಲು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೂಗೆಳೆದಳು. ಆಮೇಲೆ ಸಾಲು ಸಾಲೇ ಅಳತೊಡಗಿತು. ಮೇಷ್ಟ್ರು ಅಳುವವರನ್ನು ಕಂಗಾಲಾಗಿ ನೋಡಿ, ಕೈ ಮುಗಿದು ಕೆಳಗಿಳಿದು ಬಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಸಿಸ್ಟರ್ ಕನ್ನಡಕ ಒರೆಸಿಕೊಂಡು, ಇಂಥ ಭಾಷಣವನ್ನು ಈ ಶಾಲೆಯಲ್ಲಿ ಕೇಳಿರಲಿಲ್ಲ ಎಂದರು.

"ಯಾಕೆ ಅಳ್ತಿದ್ದಾರೆ?" ಎಂದು ಮೇಷ್ಟ್ರು ನನ್ನನ್ನು ಕೇಳಿದರು.

"ನಿಮಗೆ ದುಃಖವಾಗಿದೆ ಅಂತ."

"ನನಗೆ ಏನಾಗಿದೆ ಅಂತ ನನಗೇ ಗೊತ್ತಾಗ್ತಿಲ್ಲವಲ್ಲ."

ಚಹದ ಹೊತ್ತಿಗೆ ಅವರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಭೂಗೋಳದ ಕೋಣೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತಿದ್ದರು. ನನ್ನ ಹಿಂದೆಯೇ ಗಿಳಿ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಸರ್, ಇಷ್ಟು ವರ್ಷ ನಿಮ್ಮನ್ನ ನೋಯಿಸಿಬಿಟ್ವಿ. ಅದಕ್ಕೇ ಈ ಸಲ ಬಿಟ್ವಿ ಸರ್."

"ನೋವಿನ ಮಾತು ಆಮೇಲೆ. ಮಾಡು."

"ಏನು ಸರ್?"

"ನನ್ನದು. ಬಸ್ಸಿಂದು. ಈಗ, ಇಲ್ಲೇ."

ಅವಳು ನನ್ನ ಮುಖ ನೋಡಿದಳು. "ಕೇಳ್ತಿದ್ದಾರಲ್ಲ, ಮಾಡು" ಎಂದೆ.

"ಕಂಡಕ್ಟರ್ ಇಲ್ದೆ ಆಗಲ್ಲ ಮಿಸ್."

ಬೇರೆ ಯಾರೂ ಇರಲಿಲ್ಲ. ನಾನೇ "ಎಲ್ಲಿಗೆ?" ಎಂದು ಕೇಳಿದೆ.

ಗಿಳಿಯ ಭುಜ ಮೇಲೇರಿತು. ನನ್ನ ಚೀಲ ಸಮುದ್ರವಾಯಿತು. ಮೇಷ್ಟ್ರು ಗಲ್ಲಕ್ಕೆ ಕೈ ಕೊಟ್ಟು, ನಕಲಿನ ಅನುಮಾನ ಬಂದ ಉತ್ತರಪತ್ರಿಕೆ ಓದುವವರ ಹಾಗೆ ನೋಡಿದರು. ನಗಲಿಲ್ಲ. "ಇನ್ನೊಂದು ಸಲ" ಎಂದರು. ಇನ್ನೊಂದು ಸಲವೂ ನಗಲಿಲ್ಲ.

"ಎಲ್ಲರಿಗೂ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದರು.

"ವಾಚ್‌ಮನ್‌ಗೂ ಗೊತ್ತು."

"ನನ್ನ ಹೆಂಡತಿಗೆ?"

ಅದನ್ನು ಮನೆಯಲ್ಲಿ ಕೇಳಿ ಎಂದೆ. ಅವರು ಬೋರ್ಡಿನ ಕಡೆ ತಿರುಗಿದರು. "ಒಳ್ಳೇ ಮನುಷ್ಯ ಆಗಿದ್ದ ರೀ ಆತ. ನನಗೆ ತುಂಬಾ ಇಷ್ಟ ಆಗಿದ್ದ. ಒಂದು ಸಲ ಹೋಗಿ ಮಾತಾಡಿಸಿಕೊಂಡು ಬರೋಣ, ಬದುಕಿದ್ದಾನೋ ಇಲ್ವೋ ಅಂದ್ಕೋತಿದ್ದೆ."

ಮೇಷ್ಟ್ರು ಎದ್ದು, ಮೇಜಿನ ಮೇಲಿದ್ದ ಡಸ್ಟರ್ ಕೈಗೆತ್ತಿಕೊಂಡು, ಪರೀಕ್ಷೆಗೆ ನಿಂತವರಂತೆ ಗಂಟಲು ಸರಿಮಾಡಿಕೊಂಡರು.

"ಈ ಡಸ್ಟರನ್ನ ಸಮುದ್ರ ಅಂತ ಇಟ್ಕೊಳ್ಳಿ" ಎಂದು, ಆಮೇಲೆ ಭುಜ ಎತ್ತಿದರು.

"ಹಾಗಲ್ಲ ಸರ್" ಎಂದಳು ಗಿಳಿ. ಅವಳಿಗೆ ತಡೆಯಲಾಗಲಿಲ್ಲ. "ಮೊದಲು ಭುಜ, ಆಮೇಲೆ ಮಾತು."

ಅವರು ಮೊದಲು ಭುಜ ಎತ್ತಿ, ಅಂಗೈಯಿಂದ ಬೋರ್ಡು ಒರೆಸಿದರು.

"ಅಷ್ಟು ಎತ್ತಬಾರದು ಸರ್. ಕೈ ಹಿಂಬದಿಯಿಂದ ಒರೆಸಬೇಕು. ಅಂಗೈಯಿಂದ ಅಲ್ಲ."

ಅವರು ಒರೆಸಿದರು. ಭುಜ ಮರೆತುಹೋಯಿತು. ಭುಜ ನೆನಪಾದಾಗ ಸಮುದ್ರ ಮರೆತುಹೋಯಿತು. ಹುಡುಗಿ ತಲೆ ಓರೆ ಮಾಡಿ ನೋಡಿ, ಇಲ್ಲವೆಂದು ಆಡಿಸಿದಳು.

"ಅದು ನೀವಲ್ಲ ಸರ್."

"ಹಾಗಾದ್ರೆ ಇನ್ನೊಂದು ಸಲ ತೋರಿಸಮ್ಮ" ಎಂದು ಮೇಷ್ಟ್ರು ಡಸ್ಟರನ್ನು ಅವಳ ಕೈಗೆ ಕೊಟ್ಟರು.