ಹಲ್ಲು ಎಣಿಸದ ಗೇರು

ಹೊಸಪೇಟೆಯಲ್ಲಿ ನನ್ನ ಜೀಪು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಏನು ಕೇಳಿದರೂ ಎಣ್ಣೆಗೈಯನ್ನು ಎದೆಗೊತ್ತಿ, "ನಾ ಅದೀನಲ್ರಿ" ಅನ್ನುತ್ತಿದ್ದರು. ಒಮ್ಮೆ ಮುಂದಿನ, ಹಿಂದಿನ ಎರಡೂ ಆಕ್ಸಲ್‌ಗಳ ಗೇರು ಬದಲಿಸಿಕೊಟ್ಟರು. ಸಂಡೂರಿನ ಕಲ್ಲುದಾರಿಯ ಏರಿನಲ್ಲಿ ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಫೋರ್‌ವೀಲ್ ಹಾಕಿದ್ದೇ ತಡ, ಜೀಪು ಬಿಗಿದುಕೊಂಡು ನಿಂತಿತು. ಅವರೇ ಬಂದು ಆಕ್ಸಲ್ ಬಿಚ್ಚಿ ಗೇರಿನ ಹಲ್ಲು ಎಣಿಸಿದರು. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಲೆಕ್ಕ ಹೊಂದಲಿಲ್ಲ; ಮುಂದಿನ ಚಕ್ರಗಳು ಒಂದು ವೇಗಕ್ಕೆ, ಹಿಂದಿನವು ಇನ್ನೊಂದಕ್ಕೆ ಎಳೆದಾಡಿದ್ದವು.

"ಅಂಗಡಿಯವ ತಪ್ಪು ಕೊಟ್ಟಿರಬೇಕು," ಎಂದೆ.

"ಹಾಕಿದ ಕೈ ನಂದರಿ. ನಾ ಎಣಿಸಲಿಲ್ಲ," ಎಂದು ತಲೆ ತಗ್ಗಿಸಿದರು.

ಗೇರು ಸರಿಮಾಡಿಕೊಟ್ಟರು. ಮುಂದೊಂದು ದಿನ ಗ್ಯಾರೇಜಿಗೆ ಹೋದಾಗ, ಕಂಪ್ಲಿಯಿಂದ ಜೀಪು ತಂದಿದ್ದ ಹೊಸ ಗಿರಾಕಿಗೆ ನನ್ನನ್ನು ತೋರಿಸಿ, "ಇವರ ಗಾಡಿ ಕೆಡಿಸಿದಾಂವ ನಾನರಿ. ನಾ ಗೇರು ಹಾಕೂ ಮುಂಚೆ ನೀವೂ ಒಮ್ಮೆ ಹಲ್ಲು ಎಣಿಸಿ ನೋಡ್ರಿ," ಅಂದರು.

ಗಿರಾಕಿ ಕೆಲಸ ಕೊಡದೆ ಗಾಡಿ ತಿರುಗಿಸಿಕೊಂಡು ಹೋದ. ಮೇಸ್ತ್ರಿ ಕುರ್ಚಿ ಒರೆಸಿ, "ಕುಂದ್ರಿ" ಎಂದರು. ನನಗೆ ಕೂರಲಾಗಲಿಲ್ಲ.